ಅಂಗಡಿ ಅದೇ, ಪುಸ್ತಕ ಬೇರೆ

1892ರಲ್ಲಿ ಲಂಡನ್ನಿನ ಆರನ್ ಸಾಲೊಮನ್ ಎಂಬ ಬೂಟು ವ್ಯಾಪಾರಿ ತನ್ನ ಅಂಗಡಿಯನ್ನು ತನಗೇ ಮಾರಿಕೊಂಡ.

ಕಾನೂನು ಓದಿದವರಿಗೆ ಈ ಹೆಸರು ಕೇಳಿದ ತಕ್ಷಣ ಮೊದಲ ವರ್ಷದ ಪರೀಕ್ಷೆ ನೆನಪಾಗುತ್ತೆ. ಕಂಪನಿ ಬೇರೆ, ಮಾಲೀಕ ಬೇರೆ ಅನ್ನೋ ತತ್ವ ಗಟ್ಟಿಯಾಗಿದ್ದು ಇವನ ಮೊಕದ್ದಮೆಯಲ್ಲೇ. ವಕೀಲರು ಆ ಮೊಕದ್ದಮೆಯ ತೀರ್ಪನ್ನು ಓದುತ್ತಾರೆ. ನಾನು ವಕೀಲನಲ್ಲ. ಸಣ್ಣ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡೋದು, ಅವರ ಹಳೇ ಡೇಟಾ ಹೊಸದಕ್ಕೆ ಸಾಗಿಸೋದು ನನ್ನ ಹೊಟ್ಟೆಪಾಡು. ಹಾಗಾಗಿ ಸಾಲೊಮನ್ ಕಥೆ ಓದುವಾಗೆಲ್ಲ ನನ್ನ ಕಣ್ಣು ಹೋಗೋದು ತೀರ್ಪಿನ ಕಡೆಗಲ್ಲ, ಅವನ ಲೆಕ್ಕದ ಪುಸ್ತಕದ ಕಡೆಗೆ.

ವೈಟ್‌ಚಾಪೆಲ್‌ನಲ್ಲಿ ಅವನಿಗೆ ಚರ್ಮದ ಬೂಟು ತಯಾರಿಸೋ ವ್ಯಾಪಾರ ಇತ್ತು. ದಶಕಗಳ ಕಾಲ ಒಬ್ಬನೇ ಕಟ್ಟಿದ್ದು. ನಾಲ್ಕು ಜನ ಗಂಡುಮಕ್ಕಳು ಅಪ್ಪನ ಜೊತೆಗೇ ದುಡೀತಿದ್ದರು, ನಮಗೂ ಪಾಲು ಬೇಕು ಅಂತಿದ್ದರು. ನಮ್ಮ ಚಿಕ್ಕಪೇಟೆಯಲ್ಲಿ ಇವತ್ತಿಗೂ ನಡೆಯೋ ಕಥೆ ಇದು, ಅಲ್ವಾ? ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಕಂಪನಿ ಮಾಡೋಕೆ ಏಳು ಜನ ಬೇಕಿತ್ತು. ಸಾಲೊಮನ್, ಅವನ ಹೆಂಡತಿ, ಮಗಳು, ನಾಲ್ಕು ಗಂಡುಮಕ್ಕಳು. ಎಣಿಸಿ ನೋಡಿ, ಸರಿಯಾಗಿ ಏಳು. ಮನೆಯವರಿಗೆ ತಲಾ ಒಂದೊಂದು ಷೇರು, ಅವನಿಗೆ 20,001. ವ್ಯಾಪಾರಕ್ಕೆ ಸುಮಾರು 39,000 ಪೌಂಡ್ ಬೆಲೆ ಕಟ್ಟಿದರು. ಕಟ್ಟಿದವನೂ ಅವನೇ, ಕೊಂಡವನೂ ಹೆಚ್ಚುಕಮ್ಮಿ ಅವನೇ. ಬೆಲೆಯ ಒಂದು ಭಾಗಕ್ಕೆ ಷೇರು, ಇನ್ನೊಂದು ಭಾಗಕ್ಕೆ 10,000 ಪೌಂಡಿನ ಡಿಬೆಂಚರ್. ಅಂದ್ರೆ ಹೊಸ ಕಂಪನಿ ಅವನಿಗೇ ಸಾಲಗಾರ, ಅದೂ ಆಸ್ತಿಯ ಮೇಲೆ ಹಕ್ಕಿರುವ ಸಾಲ.

ಆಮೇಲೆ ಬೂಟು ಉದ್ಯಮದಲ್ಲಿ ಮುಷ್ಕರಗಳಾದವು, ಸರ್ಕಾರಿ ಆರ್ಡರುಗಳು ಹಂಚಿಹೋದವು. ಸಾಲೊಮನ್ ಡಿಬೆಂಚರುಗಳನ್ನು ಒಬ್ಬನ ಹತ್ತಿರ ಅಡ ಇಟ್ಟು 5,000 ಪೌಂಡ್ ತಂದು ಕಂಪನಿಗೇ ಹಾಕಿದ. ಉಳಿಯಲಿಲ್ಲ. 1893ರಲ್ಲಿ ಕಂಪನಿ ಮುಳುಗಿತು. ಚರ್ಮ ಕೊಟ್ಟು ದುಡ್ಡು ಬರಬೇಕಾಗಿದ್ದವರು ಇದೆಲ್ಲ ನಾಟಕ, ಕಂಪನಿ ಅಂದ್ರೆ ಸಾಲೊಮನ್ನೇ, ಅವನ ಮನೆಯಿಂದ ಕೊಡಿಸಿ ಅಂದರು. ಕೆಳಗಿನ ಎರಡು ಕೋರ್ಟುಗಳು ಹೌದು ಅಂದವು. 1896ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಅಲ್ಲ ಅಂದಿತು. ಕಾನೂನು ಪ್ರಕಾರ ನೋಂದಾಯಿಸಿದ ಮೇಲೆ ಕಂಪನಿ ಬೇರೆಯೇ ಒಬ್ಬ ವ್ಯಕ್ತಿ, ಅದರ ಸಾಲ ಅದರದ್ದು.

ಆ ತೀರ್ಪು ಬರೆದವರಲ್ಲೊಬ್ಬರು ಬೆಲೆಯ ವಿಷಯಕ್ಕೂ ಒಂದು ಚುಚ್ಚು ಕೊಟ್ಟಿದ್ದಾರೆ. ಆ 39,000 ವ್ಯಾಪಾರದ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ತನ್ನ ಅಂಗಡಿಯನ್ನು ಪ್ರೀತಿಸುವ ಮಾಲೀಕನ ಆಸೆ ಎಂಬರ್ಥದ ಮಾತು. ಕೈಯಾರೆ ಕಟ್ಟಿದ ಅಂಗಡಿಗೆ ಬೆಲೆ ಕಟ್ಟು ಅಂದ್ರೆ ಯಾವ ಅಪ್ಪನೂ ಕಮ್ಮಿ ಹೇಳಲ್ಲ. ಆದರೆ ಹೊಸ ಪುಸ್ತಕದ ಮೊದಲ ಪುಟದಲ್ಲಿ ಆ ಆಸೆಯೇ ಆಸ್ತಿ ಅಂತ ಕೂತುಬಿಟ್ಟರೆ, ಮುಂದೆ ಚರ್ಮ ಕೊಡುವವನು ಅದನ್ನೇ ನಂಬಿ ಉದ್ರಿ ಕೊಡುತ್ತಾನೆ. ನನ್ನ ಮಟ್ಟಿಗೆ ಇಡೀ ಮೊಕದ್ದಮೆಯ ಹೃದಯ ಇರೋದು ಅಲ್ಲಿ.

ಪುಸ್ತಕ ಮುಚ್ಚಿ ಇನ್ನೊಂದು ತೆರೆಯೋದು ಸಾಲೊಮನ್‌ಗಿಂತ ತುಂಬಾ ಹಳೇ ವಿದ್ಯೆ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಚೋಲಿ ಅನ್ನೋ ಸನ್ಯಾಸಿ, ಗಣಿತದ ಮೇಷ್ಟ್ರು, ತನ್ನ ದಪ್ಪ ಗಣಿತದ ಪುಸ್ತಕದೊಳಗೆ ವ್ಯಾಪಾರಿಗಳ ಜಮಾ-ಖರ್ಚಿನ ಪದ್ಧತಿಯನ್ನು ಬಿಡಿಸಿ ಬರೆದ. ಅವನ ಪ್ರಕಾರ ವ್ಯಾಪಾರಿಯ ಮೊದಲ ಪುಸ್ತಕಕ್ಕೆ ಶಿಲುಬೆಯ ಗುರುತು. ಅದು ತುಂಬಿದ ಮೇಲೆ ಬರುವ ಪುಸ್ತಕಕ್ಕೆ ಎ, ಆಮೇಲೆ ಬಿ. ನಾವು ಪುಟದ ತಲೆಯಲ್ಲಿ ಶ್ರೀ ಬರೆದು ಶುರು ಮಾಡೋ ಹಾಗೆ ಅಂತ ಇಟ್ಕೊಳ್ಳಿ. ಹಳೇ ಪುಸ್ತಕದಿಂದ ಹೊಸದಕ್ಕೆ ಹೋಗುವಾಗ ಪ್ರತಿಯೊಂದು ಖಾತೆಯ ಬಾಕಿಯನ್ನೂ ಒಯ್ಯಬೇಕು. ಹಳೇದರಲ್ಲಿ ಆ ಖಾತೆ ಪೂರ್ತಿ ಸರಿದೂಗಿ ಮುಚ್ಚಬೇಕು, ಹೊಸದರಲ್ಲಿ ಅದೇ ಮೊತ್ತ ತೆರೀಬೇಕು. ತಾಳೆ ನೋಡುವಾಗ ಒಬ್ಬ ಓದಬೇಕು, ಇನ್ನೊಬ್ಬ ಗುರುತು ಹಾಕಬೇಕು. ಪಾಲುದಾರಿಕೆ ಇದ್ದರೆ ಆ ಲೆಕ್ಕವನ್ನು ನಿನ್ನ ಸ್ವಂತದ ಲೆಕ್ಕದೊಂದಿಗೆ ಕಲಸಬೇಡ, ವರ್ಷವರ್ಷವೂ ಮುಚ್ಚು, ಸ್ನೇಹ ಉಳಿಯುತ್ತೆ ಅಂತಾನೆ. ಐನೂರು ವರ್ಷ ದಾಟಿದ ಮೇಲೂ ಡೇಟಾ ಮೈಗ್ರೇಷನ್‌ಗೆ ಇದಕ್ಕಿಂತ ಒಳ್ಳೇ ಚೆಕ್‌ಲಿಸ್ಟ್ ನನಗೆ ಸಿಕ್ಕಿಲ್ಲ.

ನಮ್ಮಲ್ಲಿ ಆಗ ಕಡತ ಇತ್ತು. ಈಗ ಕಡತ ಅಂದ್ರೆ ವಿಧಾನಸೌಧದಲ್ಲಿ ಮೇಜಿಂದ ಮೇಜಿಗೆ ಅಲೆಯೋ ಫೈಲು, ಅಥವಾ ಕಂಪ್ಯೂಟರಿನ ಫೈಲು. ಮೂಲದಲ್ಲಿ ಅದೊಂದು ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಗೆ ಇದ್ದಿಲ ಪುಡಿ, ಅಂಟು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಪ್ಪು ಹಲಗೆಯಂಥ ಪುಸ್ತಕ. ಬರೆಯೋದು ಬಳಪದಲ್ಲಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ವ್ಯಾಪಾರಿಗಳೂ ಸರ್ಕಾರಿ ಲೆಕ್ಕಿಗರೂ ಬಳಸುತ್ತಿದ್ದರು. ಶೃಂಗೇರಿ ಮಠದಲ್ಲಿ ಉಳಿದಿದ್ದ ಕಡತಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಓದಿ ಪ್ರಕಟಿಸಿದ್ದರಿಂದ ಹಳೇ ದಾನ-ದತ್ತಿ, ಕೊಡು-ಕೊಳ್ಳುವಿಕೆಯ ಎಷ್ಟೋ ವಿವರ ಈಗ ನಮ್ಮ ಕೈಗೆ ಸಿಕ್ಕಿದೆ.

ಕಡತದ ಒಂದು ಗುಣ ನನಗೆ ಬಹಳ ಇಷ್ಟ. ಅದು ಬಾಳಿಕೆ ಬರುತ್ತೆ, ಆದರೂ ಅಳಿಸಬಹುದು. ಬಳಪದ ಗೆರೆ ಒರೆಸಿ ಮತ್ತೆ ಬರೀಬಹುದು. ಶಾನುಭೋಗರ ಮೇಲೆ ಊರವರಿಗಿದ್ದ ಭಯಕ್ಕೂ ಈ ಗುಣಕ್ಕೂ ಸಂಬಂಧ ಇದೆಯೋ ಏನೋ, ಅದು ಬೇರೆ ಮಾತು. ಇರಲಿ, ಈ ಅಳಿಸೋ ವಿಷಯಕ್ಕೆ ಮತ್ತೆ ಬರ್ತೀನಿ.

ಕಾಗದದ ಕಾಲಕ್ಕೆ ಬಂದರೆ, ಪುಸ್ತಕ ಯಾವ ದಿನ ಮುಚ್ಚಬೇಕು ಅನ್ನೋದು ಬಹಳ ವರ್ಷ ಅವರವರ ಇಷ್ಟ. ಮಾರ್ವಾಡಿ ಅಂಗಡಿಗೆ ದೀಪಾವಳಿ, ಇನ್ನೊಬ್ಬರಿಗೆ ಯುಗಾದಿ, ಮತ್ತೊಬ್ಬರಿಗೆ ಡಿಸೆಂಬರ್. ಆದಾಯ ತೆರಿಗೆಯವರೂ ಇದಕ್ಕೆ ಒಪ್ಪಿದ್ದರು. 1989ರ ಏಪ್ರಿಲ್‌ನಿಂದ ಎಲ್ಲರಿಗೂ ಮಾರ್ಚ್ 31 ಅಂತಾಯಿತು. ಆಮೇಲೂ ದೀಪಾವಳಿಗೆ ಪುಸ್ತಕ ಪೂಜೆ ನಿಲ್ಲಲಿಲ್ಲ ಅನ್ನಿ. ಈಗ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚೋದನ್ನ ನಾನೇ ಎಷ್ಟೋ ಕಡೆ ನೋಡಿದ್ದೀನಿ. ಕೀಬೋರ್ಡಿಗೆ ಕುಂಕುಮ ಇಳಿದು ನ್ಯೂಮರಿಕ್ ಪ್ಯಾಡಿನ ಐದು ಒತ್ತದೇ ಹೋಗಿದ್ದನ್ನೂ ನೋಡಿದ್ದೀನಿ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಟ್ಯಾಲಿ ಹುಟ್ಟಿತು. ಶ್ಯಾಮ್ ಸುಂದರ್ ಗೋಯೆಂಕಾ ಅವರದ್ದು ಜವಳಿ ಗಿರಣಿಗಳಿಗೆ ಕಚ್ಚಾ ಸಾಮಾನು, ಯಂತ್ರದ ಬಿಡಿಭಾಗ ಒದಗಿಸೋ ವ್ಯಾಪಾರ. ಅವರ ಲೆಕ್ಕಕ್ಕೆ ಹೊಂದೋ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಕೈಲಿ ಬರೆಸಿದರು. 1986ರಲ್ಲಿ ಶುರುವಾದ ಸಂಸ್ಥೆಯ ಹೆಸರು ಪ್ಯೂಟ್ರಾನಿಕ್ಸ್. ಆಗಿನ ಬೇರೆ ಪ್ರೋಗ್ರಾಮುಗಳಲ್ಲಿ ಪ್ರತಿ ಖಾತೆಗೂ ಒಂದು ಕೋಡ್ ನೆನಪಿಡಬೇಕಿತ್ತು, ಟ್ಯಾಲಿಯಲ್ಲಿ ಹೆಸರು ಬರೆದರೆ ಸಾಕು. ಗುಮಾಸ್ತರು ಅದಕ್ಕೆ ಮನಸೋತರು. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು.

ಟ್ಯಾಲಿ ತೆರೆದರೆ ಮೊದಲು ಕೇಳೋದೇ 'ಕ್ರಿಯೇಟ್ ಕಂಪನಿ'. ದರ್ಜಿ ಅಂಗಡಿಯಾಗಲಿ, ಕಾಂಡಿಮೆಂಟ್ಸ್ ಆಗಲಿ, ಅಪ್ಪ-ಮಗನ ಪಾಲುದಾರಿಕೆಯಾಗಲಿ, ಸಾಫ್ಟ್‌ವೇರ್ ದೃಷ್ಟಿಯಲ್ಲಿ ಎಲ್ಲವೂ ಕಂಪನಿ. ಹಿಂದುಗಡೆ ಅದೊಂದು ನಂಬರಿನ ಫೋಲ್ಡರ್ ಅಷ್ಟೆ. ಈ ಒಂದು ಪದ ನಮ್ಮ ಊರಿನ ಅರ್ಧ ವ್ಯಾಪಾರಿಗಳ ತಲೆ ಕೆಡಿಸಿದೆ ಅಂತ ನನ್ನ ಬಲವಾದ ಅನುಮಾನ. ವ್ಯಾಪಾರ ನಿಜವಾಗಿಯೂ ಪ್ರೈವೇಟ್ ಲಿಮಿಟೆಡ್ ಆದಾಗ ಅವರು ಕೇಳೋ ಮೊದಲ ಪ್ರಶ್ನೆ, 'ಟ್ಯಾಲಿಲಿ ಕಂಪನಿ ಹೆಸರು ಚೇಂಜ್ ಮಾಡಿದ್ರೆ ಆಯ್ತಲ್ಲ?'

ಆಲ್ಟರ್ ಅಂತ ಒಂದು ಆಯ್ಕೆ ಇದೆ, ಹೆಸರು ಬದಲಾಗುತ್ತೆ, ನಿಮಿಷದ ಕೆಲಸ. ಆಮೇಲೆ ಮೂರು ವರ್ಷದ ಹಿಂದಿನ ಬಿಲ್ಲನ್ನು ಮತ್ತೆ ಪ್ರಿಂಟ್ ಹಾಕಿ ನೋಡಿ. ಆಗ ಹುಟ್ಟೇ ಇರದ ಪ್ರೈವೇಟ್ ಲಿಮಿಟೆಡ್ ಆ ಮಾಲು ಮಾರಿದೆ ಅಂತ ಬರುತ್ತೆ. ಪ್ಯೂಟ್ರಾನಿಕ್ಸ್ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತಲ್ಲ, ಅದು ಹೆಸರು ಬದಲಾವಣೆ. ಹುಡುಗ ಅವನೇ, ಹೆಸರು ಬೇರೆ. ಪ್ರೊಪ್ರೈಟರ್‌ಶಿಪ್ಪು ಕಂಪನಿಯಾಗೋದು ಹಾಗಲ್ಲ. ಅಲ್ಲಿ ಹೊಸ ವ್ಯಕ್ತಿ ಹುಟ್ಟುತ್ತಾನೆ.

ಇದಕ್ಕೆ ಪುರಾವೆ ನಿಮ್ಮ ಜೇಬಿನಲ್ಲೇ ಇದೆ. ಪ್ಯಾನ್ ಕಾರ್ಡ್ ತೆಗೆದು ನಾಲ್ಕನೇ ಅಕ್ಷರ ನೋಡಿ. ಮನುಷ್ಯರಿಗೆ ಪಿ. ಪಾಲುದಾರಿಕೆಗೂ ಎಲ್‌ಎಲ್‌ಪಿಗೂ ಎಫ್. ಕಂಪನಿಗೆ ಸಿ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯ, ನಮಗೆ 29, ಅದರ ನಂತರದ ಹತ್ತು ಇದೇ ಪ್ಯಾನ್. ಅಂದ್ರೆ ರಚನೆ ಬದಲಾದರೆ ಪ್ಯಾನ್ ಬದಲು, ಪ್ಯಾನ್ ಬದಲಾದರೆ ಜಿಎಸ್‌ಟಿ ನಂಬರ್ ಬದಲು, ಬಿಲ್ ಪುಸ್ತಕ ಬದಲು, ಬ್ಯಾಂಕ್ ಖಾತೆ ಬದಲು. ಸಾಲೊಮನ್ ತೀರ್ಪಿಗೆ ನೂರು ಚಿಲ್ಲರೆ ವರ್ಷ ಆದ ಮೇಲೆ ಆ ಇಡೀ ತತ್ವ ಒಂದು ಅಕ್ಷರದಲ್ಲಿ ಬಂದು ಕೂತಿದೆ.

ಕೆಲವು ವರ್ಷದ ಹಿಂದೆ ಪೀಣ್ಯದ ಒಂದು ಲೇತ್ ಶಾಪಿನ ಕೆಲಸಕ್ಕೆ ಹೋಗಿದ್ದೆ. ಅಪ್ಪ ಶುರು ಮಾಡಿದ್ದು, ಇಬ್ಬರು ಗಂಡುಮಕ್ಕಳು ಎಂಜಿನಿಯರಿಂಗ್ ಮುಗಿಸಿ ಬಂದು ಸೇರಿದ್ದರು. ದೊಡ್ಡ ಗಿರಾಕಿಯೊಬ್ಬರು ಪ್ರೈವೇಟ್ ಲಿಮಿಟೆಡ್ ಆಗದಿದ್ದರೆ ಆರ್ಡರ್ ಇಲ್ಲ ಅಂದಿದ್ದರು. ಮಕ್ಕಳ ಲೆಕ್ಕಾಚಾರ ಸರಳ. ಕಂಪನಿಯ ಷೇರು ಇಬ್ಬರಿಗೂ ಅರ್ಧರ್ಧ, ಅಪ್ಪನ ದುಡ್ಡನ್ನೆಲ್ಲ ಕಂಪನಿ ಪಡೆದ ಸಾಲ ಅಂತ ತೋರಿಸಿ ತಿಂಗಳಿಗಿಷ್ಟು ಅಂತ ವಾಪಸ್ ಕೊಡೋದು. ಅಪ್ಪನಿಗೆ ಪೆನ್ಷನ್ ಇದ್ದ ಹಾಗೆ ಆಗುತ್ತಲ್ಲ ಸಾರ್, ಅಂದ್ರು. ಕೆಟ್ಟ ಉದ್ದೇಶವೇನೂ ಇರಲಿಲ್ಲ.

ಆದರೆ ಪುಸ್ತಕ ಬೇರೆ ಹೇಳುತ್ತಿತ್ತು. ಪ್ರೊಪ್ರೈಟರ್‌ಶಿಪ್ಪಿನಲ್ಲಿ ಕ್ಯಾಪಿಟಲ್ ಅಕೌಂಟ್ ಅಂತ ಒಂದೇ ಖಾತೆ, ಅದರ ತುಂಬಾ ಅಪ್ಪನ ಹೆಸರು. ಸ್ವಂತ ವ್ಯಾಪಾರವನ್ನು ಕಂಪನಿಗೆ ವರ್ಗಾಯಿಸಿದಾಗ ಬಂಡವಾಳ ಲಾಭದ ತೆರಿಗೆ ಬೀಳದಿರಲು 1961ರ ಆದಾಯ ತೆರಿಗೆ ಕಾಯ್ದೆಯ 47ನೇ ಸೆಕ್ಷನ್ನಿಗೆ 1998ರಲ್ಲಿ ಒಂದು ದಾರಿ ಸೇರಿಸಿದರು. ಆಸ್ತಿ, ಸಾಲ ಎಲ್ಲವೂ ಹೊಸ ಕಂಪನಿಗೆ ಹೋಗಬೇಕು. ಹಳೇ ಮಾಲೀಕನ ಕೈಯಲ್ಲಿ ಕಮ್ಮಿ ಅಂದ್ರೂ ಅರ್ಧ ಮತದಾನದ ಹಕ್ಕು ಇರಬೇಕು, ಐದು ವರ್ಷ ಹಾಗೇ ಇರಬೇಕು. ಅವನಿಗೆ ಷೇರು ಬಿಟ್ಟು ಬೇರೆ ಯಾವ ಪ್ರತಿಫಲವೂ ಸಿಗಬಾರದು. ಮಕ್ಕಳ ಯೋಜನೆ ಇದರಲ್ಲಿ ಎರಡು ಷರತ್ತಿಗೆ ಎಡವುತ್ತಿತ್ತು. ಅಪ್ಪನ ಕ್ಯಾಪಿಟಲ್ಲನ್ನು ಹೊಸ ಪುಸ್ತಕದಲ್ಲಿ ಅನ್‌ಸೆಕ್ಯೂರ್ಡ್ ಲೋನ್ ಅಂತ ಒಂದೇ ಜರ್ನಲ್ ಎಂಟ್ರಿಯಲ್ಲಿ ಹಾಕಬಹುದು, ಸಾಫ್ಟ್‌ವೇರ್ ಏನೂ ಅನ್ನಲ್ಲ. ಅವರ ಆಡಿಟರ್ ಅಂದರು. ಸಾಲೊಮನ್ ಆ ಡಿಬೆಂಚರ್ ತಗೊಂಡನಲ್ಲ, ಅದೇ ವ್ಯವಹಾರವನ್ನು ಪೀಣ್ಯದಲ್ಲಿ ಮಾಡಿದ್ದರೆ ಈ ವಿನಾಯಿತಿ ಅವನಿಗೂ ಕೈತಪ್ಪುತ್ತಿತ್ತು.

ಮನೆಯಲ್ಲಿ ಒಂದಿಷ್ಟು ದಿನ ಮಾತುಕತೆ ಬಿಗಿಯಾಗಿತ್ತು ಅಂತ ಕೇಳಿದೆ. ಇಷ್ಟು ದಿನ ಎಲ್ಲರದ್ದೂ ಅಂದುಕೊಂಡಿದ್ದು ಕಾಗದದ ಮೇಲೆ ಅಪ್ಪ ಒಬ್ಬರದ್ದೇ ಅಂತ ಗೊತ್ತಾದರೆ, ದುಡಿದ ಮಕ್ಕಳಿಗೆ ಹೇಗಾಗಬೇಡ? ಕೊನೆಗೆ ಅಪ್ಪನಿಗೆ ನೂರಕ್ಕೆ 60, ಮಕ್ಕಳಿಗೆ ತಲಾ 20 ಅಂತಾಯಿತು.

ನನಗೆ ನೆನಪುಳಿದಿರೋದು ಮಾತ್ರ ಡ್ರಾಯಿಂಗ್ಸ್ ಖಾತೆ. ಪ್ರೊಪ್ರೈಟರ್ ತನ್ನ ಸ್ವಂತಕ್ಕೆ ತೆಗೆದ ದುಡ್ಡೆಲ್ಲ ಅಲ್ಲಿ ಬೀಳುತ್ತೆ. ಹಳೇ ಡೇಟಾ ಮುಚ್ಚೋ ಮೊದಲು ನಾನೂ ಆ ಹಿರಿಯರೂ ಕೂತು ಅದನ್ನು ವರ್ಷವರ್ಷವಾಗಿ ಕೆಳಗಿಳಿಸುತ್ತಾ ಹೋದ್ವಿ. ಸ್ಕೂಲ್ ಫೀಸು, ಎಲ್‌ಐಸಿ, ಊರ ಮನೆಗೆ ಹೆಂಚು, ಹೆಂಡತಿಯ ಆಪರೇಷನ್ನು, ಮಗಳ ಮದುವೆಯ ಛತ್ರದ ಅಡ್ವಾನ್ಸು. ನಾನು ನೋಡಿದ ಯಾವ ಆತ್ಮಕಥೆಯೂ ಇಷ್ಟು ನಿಷ್ಠುರವಾಗಿ ತಾರೀಕು ಹಾಕಿಲ್ಲ. ಅವರು ಕನ್ನಡಕ ತೆಗೆದು ಕೇಳಿದರು, 'ಇದೆಲ್ಲಾ ಹೊಸದಕ್ಕೆ ಬರುತ್ತಾ?' ಬರಲ್ಲ ಸಾರ್ ಅಂದೆ. ಹೊಸದಕ್ಕೆ ಹೋಗೋದು ಮಷೀನು, ದಾಸ್ತಾನು, ಬರಬೇಕಾದ್ದು, ಕೊಡಬೇಕಾದ್ದು, ಅದರ ಎದುರಿಗೆ ಷೇರು ಬಂಡವಾಳ. ಛತ್ರದ ಅಡ್ವಾನ್ಸು ಹಳೇ ಪುಸ್ತಕದಲ್ಲೇ ಉಳಿಯುತ್ತೆ.

ಇನ್ನು ಮೇಲೆ ಕಂಪನಿಯ ಗಲ್ಲಾದಿಂದ ಹಾಗೆ ತೆಗೆಯೋ ಹಾಗೂ ಇಲ್ಲ. ತೆಗೆದರೆ ಅದು ನಿರ್ದೇಶಕನಿಗೆ ಕೊಟ್ಟ ಸಾಲ, ಕಂಪನಿ ಕಾಯ್ದೆ ಅದಕ್ಕೆ ಕಡಿವಾಣ ಹಾಕುತ್ತೆ. ತೆರಿಗೆಯವರು ಅದನ್ನು ಡಿವಿಡೆಂಡ್ ಅಂತ ಎಣಿಸೋ ಸಾಧ್ಯತೆಯೂ ಇದೆ. ತನ್ನ ಜೇಬಿಗೆ ತಾನೇ ಕೈಹಾಕಿದರೆ ವೋಚರ್ ಕೇಳ್ತಾರಲ್ಲಪ್ಪ ಅಂತ ಅವರು ನಕ್ಕರು. ಆ ನಗು ಪೂರ್ತಿ ನಗುವಾಗಿರಲಿಲ್ಲ.

ಸರಿ, ಸಾಫ್ಟ್‌ವೇರಿನ ಮುಂದೆ ಕೂತಾಗ ನಿಜವಾಗಿ ಆಗಬೇಕಾದ್ದೇನು? ಪಚೋಲಿ ಹೇಳಿದ್ದೇ. ಬದಲಾವಣೆಯ ದಿನಕ್ಕೆ ಹಳೇ ಕಂಪನಿ ಫೈಲಿನಲ್ಲಿ ಎಲ್ಲ ಖಾತೆ ಸರಿದೂಗಿಸಬೇಕು, ಆಸ್ತಿ-ಸಾಲಗಳನ್ನು ವರ್ಗಾಯಿಸೋ ಎಂಟ್ರಿ ಹಾಕಿ ಸೊನ್ನೆಗೆ ತರಬೇಕು. ಹೊಸ ಫೈಲು ಬೇರೆಯಾಗಿ ತೆರೆದು ಅದೇ ದಿನದ ಆರಂಭಿಕ ಬಾಕಿಗಳನ್ನು ಕೂರಿಸಬೇಕು. ವರ್ಷದ ನಡುವೆ ಬದಲಾದರೆ ಸವಕಳಿಯನ್ನೂ ದಿನದ ಲೆಕ್ಕದಲ್ಲಿ ಇಬ್ಬರಿಗೂ ಹಂಚಬೇಕು. ಅಕ್ಟೋಬರ್ 1ಕ್ಕೆ ಆಯಿತು ಅಂದ್ರೆ ಮೊದಲ 183 ದಿನ ಹಳಬನಿಗೆ, ಉಳಿದದ್ದು ಹೊಸಬನಿಗೆ. ಅದಕ್ಕೇ ಅನುಭವಸ್ಥರು ಏಪ್ರಿಲ್ 1 ಅಂತಾರೆ. ಶುಭ ಮುಹೂರ್ತಕ್ಕಿಂತ ಅದು ವಾಸಿ.

ಹೆಚ್ಚಿನ ಕಡೆ ಎಡವಟ್ಟಾಗೋದು ಬರಬೇಕಾದ ಬಾಕಿಯಲ್ಲಿ. ಗಿರಾಕಿ ಹತ್ತು ಬಿಲ್ಲಿನ ದುಡ್ಡು ಕೊಡಬೇಕಿರುತ್ತೆ. ಡೇಟಾ ಹಾಕೋ ಹುಡುಗ ಹತ್ತನ್ನೂ ಕೂಡಿಸಿ ಒಂದೇ ಮೊತ್ತ ಬರೆದುಬಿಡ್ತಾನೆ. ಬ್ಯಾಲೆನ್ಸ್ ಶೀಟ್ ತಾಳೆಯಾಗುತ್ತೆ, ಎಲ್ಲರೂ ಖುಷಿ. ಮೂರು ತಿಂಗಳಾದ ಮೇಲೆ ಗಿರಾಕಿ ಫೋನ್ ಮಾಡಿ, ಫೆಬ್ರವರಿ ಬಿಲ್ಲು ಕೊಟ್ಟಾಗಿದೆಯಲ್ಲ ಅಂತಾನೆ. ಯಾವ ಫೆಬ್ರವರಿ ಬಿಲ್ಲು? ಹೊಸ ಪುಸ್ತಕಕ್ಕೆ ಫೆಬ್ರವರಿಯೇ ಗೊತ್ತಿಲ್ಲ. ಯಾವ ಬಿಲ್ಲು, ಯಾವ ತಾರೀಕು, ಎಷ್ಟು ದಿನದಿಂದ ಬಾಕಿ ಅನ್ನೋ ಇತಿಹಾಸ ಆ ಒಂದು ಮೊತ್ತದೊಳಗೆ ಕರಗಿಹೋಗಿದೆ. ಅದಕ್ಕೆ ಬಿಲ್‌ವೈಸ್ ಅನ್ನೋ ಸೌಲಭ್ಯ ಇರೋದು. ಒಂದೊಂದು ಬಿಲ್ಲನ್ನೂ ಅದರ ಹಳೇ ನಂಬರು, ಹಳೇ ತಾರೀಕಿನೊಂದಿಗೆ ಒಯ್ಯಬೇಕು. ಬೇಜಾರಿನ ಕೆಲಸ, ಒಪ್ಪಿದೆ. ಆದರೆ ಸಣ್ಣ ವ್ಯಾಪಾರಿಯ ಆಸ್ತಿಯಲ್ಲಿ ದೊಡ್ಡ ಪಾಲು ಬೇರೆಯವರ ಹತ್ತಿರ ಇರೋ ಈ ದುಡ್ಡೇ, ಮತ್ತು ಅದು ಬರೋದು ನೆನಪಿನ ಬಲದಿಂದ.

ಜಿಎಸ್‌ಟಿ ಬಂದದ್ದು 2017ರಲ್ಲಿ. ಹಳೇ ನಂಬರಿನಲ್ಲಿ ಉಳಿದ ತೆರಿಗೆ ಜಮೆಯನ್ನು ಹೊಸದಕ್ಕೆ ದಾಟಿಸೋಕೆ ಐಟಿಸಿ-02 ಅಂತ ಒಂದು ಫಾರಂ ಇದೆ. ಹಳಬ ಸಲ್ಲಿಸಬೇಕು, ಹೊಸಬ ಒಪ್ಕೋಬೇಕು, ನಡುವೆ ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ. ಪ್ರೊಪ್ರೈಟರ್ ತೀರಿಕೊಂಡು ಮಗನೋ ಮಗಳೋ ವ್ಯಾಪಾರ ಮುಂದುವರಿಸಿದರೂ ಇದೇ ಫಾರಂ ಅಂತ 2019ರಲ್ಲಿ ಇಲಾಖೆ ಸ್ಪಷ್ಟಪಡಿಸಿತು. ಜಮೆ ದಾಟಿಸೋ ಮೊದಲೇ ಆತುರಕ್ಕೆ ಹಳೇ ನೋಂದಣಿ ರದ್ದು ಮಾಡಿಸಿಕೊಂಡವರ ಪಾಡು ಬೇಡ. ರದ್ದಾದ ಮೇಲೂ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಹಾಕೋದು ಬಾಕಿ ಇರುತ್ತೆ. ಅದರ ಹೆಸರು ಜಿಎಸ್‌ಟಿಆರ್-10.

ಪಾಲುದಾರಿಕೆಯವರ ಹಾದಿ ಸ್ವಲ್ಪ ಬೇರೆ. 1932ರ ಪಾಲುದಾರಿಕೆ ಕಾಯ್ದೆಯ ಸಂಸ್ಥೆ 2008ರ ಎಲ್‌ಎಲ್‌ಪಿ ಕಾಯ್ದೆಯಡಿ ಪರಿವರ್ತನೆ ಆದರೆ ಆಸ್ತಿ, ಸಾಲ ಎಲ್ಲ ಕಾನೂನಿನಿಂದಲೇ ಹೊಸದಕ್ಕೆ ಸೇರುತ್ತೆ, ಸಾಲೊಮನ್ ಥರ ಮಾರಾಟದ ಕರಾರು ಬೇಡ. ಅಲ್ಲೊಂದು ನಿಯಮ ನನಗೆ ತಮಾಷೆ ಅನಿಸುತ್ತೆ. ಪರಿವರ್ತನೆಯಾದ ಮೇಲೆ ಒಂದು ವರ್ಷ ಪ್ರತಿ ಅಧಿಕೃತ ಪತ್ರದ ಮೇಲೂ ನಾವು ಹಿಂದೆ ಇಂಥ ಪಾಲುದಾರಿಕೆ ಆಗಿದ್ವಿ, ಇಂಥ ದಿನದಿಂದ ಬದಲಾಗಿದ್ದೀವಿ ಅಂತ ಬರೀಬೇಕು. ಮನೆಯಲ್ಲಿ ಸಾವಾದರೆ ವರ್ಷಾಬ್ದಿಕದವರೆಗೆ ಹಬ್ಬ ಮಾಡಲ್ಲವಲ್ಲ, ಹಾಗೆ ಸತ್ತ ಸಂಸ್ಥೆಗೆ ಒಂದು ವರ್ಷದ ಸೂತಕ. ಸ್ವಂತ ವ್ಯಾಪಾರದಿಂದ ಕಂಪನಿಯಾದವರಿಗೆ ಇಂಥದ್ದೊಂದು ನಿಯಮ ಇಲ್ಲದಿರೋದು ಕೊರತೆ ಅಂತಲೇ ನನ್ನ ಅಭಿಪ್ರಾಯ. ಚರ್ಮ ಕೊಡೋವನಿಗೆ ಎದುರಿಗಿರೋದು ಹಳೇ ಸಾಲೊಮನ್ನೋ ಹೊಸ ಕಂಪನಿಯೋ ಅಂತ ತಿಳೀಬೇಕು ತಾನೇ?

ಈಗ ಅಳಿಸೋ ವಿಷಯ. ಸಣ್ಣ ಅಂಗಡಿಗಳ ಲೆಕ್ಕ ಬಹಳ ಕಾಲ ಕಡತದ ಥರವೇ ನಡೆದುಕೊಂಡು ಬಂತು. ಟ್ಯಾಲಿಯಲ್ಲಿ ಹಿಂದಿನ ತಾರೀಕಿಗೆ ಹೋಗಿ ವೋಚರ್ ತಿದ್ದಬಹುದು, ಡಿಲೀಟ್ ಮಾಡಬಹುದು. ಟ್ಯಾಲಿ ಇಷ್ಟು ಜನಪ್ರಿಯ ಆಗೋಕೆ ಇದೂ ಒಂದು ಕಾರಣ ಅಂತ ಯಾರೂ ಜೋರಾಗಿ ಹೇಳಲ್ಲ, ನಾನು ಹೇಳ್ತೀನಿ. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಅದು ಮುಗೀತು. ಕಂಪನಿ ಬಳಸೋ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ತಾರೀಕಿನೊಂದಿಗೆ ದಾಖಲು ಮಾಡಲೇಬೇಕು, ಆ ದಾಖಲೆಯನ್ನು ಆಫ್ ಮಾಡೋ ಹಾಗಿಲ್ಲ. ಈ ನಿಯಮ ಇರೋದು ಕಂಪನಿಗಳಿಗೆ, ಪ್ರೊಪ್ರೈಟರುಗಳಿಗಲ್ಲ. ಅಂದ್ರೆ ರಚನೆ ಬದಲಾದ ದಿನ ವ್ಯಾಪಾರಿಯ ಕೈಯಿಂದ ಬಳಪ ಹೋಗಿ ಮಸಿ ಬರುತ್ತೆ. ಲೇತ್ ಶಾಪಿನ ಗುಮಾಸ್ತೆ, ಇಪ್ಪತ್ತು ವರ್ಷದ ಅನುಭವಸ್ಥೆ, ನನಗೆ ಇತ್ತೀಚೆಗೆ ಫೋನ್ ಮಾಡಿ ಬೈದರು. 'ಕಾಮಾ ತಿದ್ದಿದ್ರೂ ಬರ್ಕೊಳ್ತದೆ ಸಾರ್ ಇದು, ಅತ್ತೆ ಕೂತಂಗೆ.'

ಹಳೇ ಡೇಟಾ ಏನು ಮಾಡೋದು? ಡಿಲೀಟ್ ಮಾಡ್ಬೇಡಿ, ಅಷ್ಟೇ. ಹಳೇ ನಂಬರ್ ರದ್ದಾದರೂ ಅದರ ಲೆಕ್ಕ ಕೇಳೋ ಹಕ್ಕು ರದ್ದಾಗಲ್ಲ. ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನಿನ ಕೊನೇ ದಿನಾಂಕದಿಂದ 72 ತಿಂಗಳು ಇಟ್ಕೊಳ್ಳಿ ಅನ್ನುತ್ತೆ, ಕಂಪನಿಯಾದ ಮೇಲಿನ ಪುಸ್ತಕಗಳಿಗೆ ಕಂಪನಿ ಕಾಯ್ದೆ ಎಂಟು ವರ್ಷ ಅನ್ನುತ್ತೆ. ಬ್ಯಾಕಪ್ ಪೆನ್‌ಡ್ರೈವಿನಲ್ಲಿದೆ ಅಂತ ನಿಶ್ಚಿಂತೆಯಿಂದ ಇರೋರಿಗೆ ನಾನು ಕೇಳೋದು ಒಂದೇ, ಕೊನೇ ಸಲ ತೆರೆದು ನೋಡಿದ್ದು ಯಾವಾಗ? ಟ್ಯಾಲಿ 7.2ರ ಡೇಟಾ ಇಆರ್‌ಪಿ 9ರಲ್ಲಿ ನೇರವಾಗಿ ತೆರೆಯುತ್ತಿರಲಿಲ್ಲ, ಅದಕ್ಕೆ ಬೇರೆಯೇ ಮೈಗ್ರೇಷನ್ ಪ್ರೋಗ್ರಾಂ ಬೇಕಿತ್ತು. ಶೃಂಗೇರಿಯ ಬಟ್ಟೆಯನ್ನು ಬಿಡಿಸಿದರೆ ಓದಬಹುದು, ಲಿಪಿ ಬಲ್ಲವರು ಇದ್ದರಾಯಿತು. ಪೆನ್‌ಡ್ರೈವಿಗೆ ಅದರ ಕಾಲದ ಸಾಫ್ಟ್‌ವೇರೂ ಬೇಕು, ಲೈಸೆನ್ಸೂ ಬೇಕು, ಪಾಸ್‌ವರ್ಡ್ ಗೊತ್ತಿದ್ದ ಗುಮಾಸ್ತರೂ ಬೇಕು. ಅದಕ್ಕೆ ಮುಚ್ಚೋ ದಿನದ ಟ್ರಯಲ್ ಬ್ಯಾಲೆನ್ಸು, ಬಿಲ್‌ವೈಸ್ ಬಾಕಿ ಪಟ್ಟಿ, ದಾಸ್ತಾನು ಪಟ್ಟಿ, ಆಸ್ತಿಗಳ ಪಟ್ಟಿ ಇಷ್ಟನ್ನಾದರೂ ಕಾಗದದ ಮೇಲೆ ಇಳಿಸಿ, ಹಳಬ ಮತ್ತು ಹೊಸಬ ಇಬ್ಬರ ಹೆಸರಲ್ಲೂ ಸಹಿ ಹಾಕಿಸ್ತೀನಿ. ಸಾಮಾನ್ಯವಾಗಿ ಎರಡೂ ಕಡೆ ಸಹಿ ಹಾಕೋನು ಒಬ್ಬನೇ ಮನುಷ್ಯ. ಲೇತ್ ಶಾಪಿನ ಹಿರಿಯರು ಎರಡನೇ ಸಹಿ ಹಾಕೋ ಮುಂಚೆ ಪೆನ್ನು ಬದಲಾಯಿಸಿದರು.